ಉಚಿತ ತಂತ್ರಾಂಶವೂ ವರ್ತಕರ ಹೊಣೆಯೂ

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಗೂಡನ್ನು ಮುಟ್ಟಿ ನೋಡದೆ ಬೆಲೆ ಹೇಳುವ ರೀಲರ್ ಸಿಗುವುದು ಕಷ್ಟ. ಲಾಟಿನ ಮುಂದೆ ನಿಂತು, ಒಂದು ಹಿಡಿ ಗೂಡನ್ನು ಕೈಗೆತ್ತಿಕೊಂಡು, ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲುಗಿಸಿ ನೋಡಲಾಗುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕಾದೀತೆಂಬ ರೆಂಡಿಟ್ಟಾ ಲೆಕ್ಕ ಮನಸ್ಸಿನಲ್ಲೇ ಆಗುತ್ತದೆ. ಬೆಲೆಯ ಮಾತು ಅನಂತರದ್ದು. ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಕೊಳ್ಳುವವರು ಬಾಕ್ಸಿನ ಮೇಲಿನ ಸಾಲನ್ನಷ್ಟೇ ನಂಬುವುದಿಲ್ಲ. ಕೆಳಗಿನ ಸಾಲಿಗೂ ಕೈ ಹಾಕುತ್ತಾರೆ. ಪರೀಕ್ಷಿಸಿ ಕೊಳ್ಳುವುದು ಈ ಸೀಮೆಯ ವ್ಯಾಪಾರದ ಹಳೆಯ ಧರ್ಮ.

ಇಷ್ಟು ಎಚ್ಚರವುಳ್ಳ ವರ್ತಕರೇ, ವರ್ಷದ ಲೆಕ್ಕವೆಲ್ಲ ಅಡಗಿರುವ ತಂತ್ರಾಂಶದ ವಿಷಯ ಬಂದಾಗ ಎಚ್ಚರ ತಪ್ಪುತ್ತಾರೆ. ಹೊಸ ಆವೃತ್ತಿ ಬಂದಿದೆಯೆಂದು ಗಣಕಯಂತ್ರ ಸೂಚಿಸಿದೊಡನೆ, ತಿಂಗಳ ಕೊನೆಯ ಗಡಿಬಿಡಿಯಲ್ಲಿಯೇ ಅದನ್ನು ಅಳವಡಿಸಿಬಿಡುವುದುಂಟು. ಮರುದಿನ ಲೆಕ್ಕ ತಪ್ಪಿದರೆ ಗುಮಾಸ್ತನನ್ನು ಬೈದು, ತಪ್ಪನ್ನು ಕೈಯಿಂದ ತಿದ್ದಿ, ಸುಮ್ಮನಾಗುವುದೂ ಉಂಟು. ತಪ್ಪು ತಂತ್ರಾಂಶದ್ದೇ ಆಗಿದ್ದಲ್ಲಿ ಅದನ್ನು ತಯಾರಿಸಿದವರಿಗೆ ತಿಳಿಸುವವರು ವಿರಳ. ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳು ಅಂಗಡಿ, ಮಂಡಿ, ಕಾರ್ಖಾನೆಗಳನ್ನು ಪ್ರವೇಶಿಸುತ್ತಿರುವ ಈ ಕಾಲದಲ್ಲಿ ಈ ಮೌನ ದುಬಾರಿಯಾಗುತ್ತದೆ. ಮುಕ್ತ ತಂತ್ರಾಂಶಕ್ಕೆ ಬೆಲೆ ಇಲ್ಲದಿರಬಹುದು, ಆದರೆ ಬಳಸುವ ಮುನ್ನ ಪರೀಕ್ಷಿಸುವುದೂ ದೋಷ ಕಂಡಾಗ ಕ್ರಮವಾಗಿ ವರದಿ ಮಾಡುವುದೂ ಅದನ್ನು ಬಳಸುವವರು ಸಲ್ಲಿಸಲೇಬೇಕಾದ ಬಾಕಿಯಾಗಿದೆ.

ಮುಕ್ತ ತಂತ್ರಾಂಶ ಎಂದರೇನು?

ಸಾಮಾನ್ಯವಾಗಿ ಹಣ ಕೊಟ್ಟು ಕೊಳ್ಳುವ ತಂತ್ರಾಂಶದ ಒಳಗಿನ ಬರವಣಿಗೆ, ಅಂದರೆ ಮೂಲ ಸಂಕೇತ, ತಯಾರಕರ ಗುಟ್ಟಾಗಿರುತ್ತದೆ. ಮುಕ್ತ ತಂತ್ರಾಂಶದಲ್ಲಿ ಆ ಬರವಣಿಗೆ ಎಲ್ಲರಿಗೂ ತೆರೆದಿರುತ್ತದೆ. ಅದನ್ನು ಓದಬಹುದು, ತಿದ್ದಬಹುದು, ಪರವಾನಗಿಯ ಷರತ್ತುಗಳಿಗೆ ಒಳಪಟ್ಟು ಇತರರಿಗೂ ಹಂಚಬಹುದು. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಇದರ ಪ್ರಸಿದ್ಧ ಉದಾಹರಣೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್, ಪತ್ರ ಬರೆಯಲೂ ಲೆಕ್ಕದ ಹಾಳೆ ಸಿದ್ಧಪಡಿಸಲೂ ಬಳಕೆಯಲ್ಲಿದೆ. ಮುಂಬೈಯ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್, ಖರೀದಿ, ದಾಸ್ತಾನು, ತೆರಿಗೆ ಮುಂತಾದ ಕಾರ್ಖಾನೆಯ ಲೆಕ್ಕಗಳನ್ನು ನಿರ್ವಹಿಸಬಲ್ಲದು. 2022ರಲ್ಲಿ ಬಂದ ಅದರ 14ನೆಯ ಆವೃತ್ತಿಯಿಂದ ಭಾರತದ ಜಿಎಸ್‌ಟಿ ನಿಯಮಗಳಿಗೆ ಸಂಬಂಧಿಸಿದ ಭಾಗ ‘ಇಂಡಿಯಾ ಕಂಪ್ಲಯನ್ಸ್’ ಎಂಬ ಪ್ರತ್ಯೇಕ ಜೋಡಣೆಯಾಗಿದೆ, ಅದೂ ಮುಕ್ತವೇ. ಭಾರತದ ಲೆಕ್ಕಪದ್ಧತಿಯನ್ನು ಗಮನದಲ್ಲಿರಿಸಿಕೊಂಡು ರಚಿತವಾದ ಜಿನ್ಯೂಖಾತಾ ಇನ್ನೊಂದು ಉದಾಹರಣೆ.

ಇವುಗಳತ್ತ ಸಣ್ಣ ಉದ್ದಿಮೆದಾರರು ತಿರುಗಲು ಬಲವಾದ ಕಾರಣವಿದೆ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಕಳ್ಳಪ್ರತಿಯನ್ನು ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ ಅಪರಾಧ. ಅದಕ್ಕೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಕಳ್ಳಪ್ರತಿಯ ಬದಲು ಮುಕ್ತ ತಂತ್ರಾಂಶ ಬಳಸುವುದು ಕಾನೂನಿಗೂ ಒಪ್ಪುವ, ಜೇಬಿಗೂ ಹಗುರವಾಗುವ ಮಾರ್ಗ.

ಆದರೆ ಇಲ್ಲೊಂದು ಮಾತನ್ನು ಮರೆಯುವಂತಿಲ್ಲ. ಈ ತಂತ್ರಾಂಶಗಳ ಪರವಾನಗಿಯಲ್ಲಿಯೇ, ಇದು ಇದ್ದುದು ಇದ್ದಂತೆ ನೀಡಲ್ಪಟ್ಟಿದೆ, ಇದಕ್ಕೆ ಯಾವ ಖಾತರಿಯೂ ಇಲ್ಲ ಎಂಬ ಅರ್ಥದ ಷರತ್ತು ಇರುತ್ತದೆ. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದೆಂಬುದು ಗಾದೆ. ಉಳುಮೆಗೆ ಕಟ್ಟುವ ದನವಾದರೆ ಹಲ್ಲನ್ನೂ ಎಣಿಸಬೇಕು, ಗೊರಸನ್ನೂ ನೋಡಬೇಕು.

ತೆರಿಗೆ ಇಲಾಖೆಯ ಮುಂದೆ ಹೊಣೆ ಯಾರದು?

ತಂತ್ರಾಂಶದ ದೋಷದಿಂದ ತೆರಿಗೆ ಕಡಿಮೆ ಪಾವತಿಯಾದರೆ, ಕಾನೂನಿನ ಕಣ್ಣಿನಲ್ಲಿ ಹೊಣೆಗಾರರು ನೋಂದಾಯಿತ ವರ್ತಕರೇ. ‘ಗಣಕಯಂತ್ರ ಹಾಗೆ ತೋರಿಸಿತು’ ಎಂಬ ಉತ್ತರದಿಂದ ತೆರಿಗೆಯಾಗಲಿ ಬಡ್ಡಿಯಾಗಲಿ ತಪ್ಪುವುದಿಲ್ಲ. ತಡವಾಗಿ ಕಟ್ಟಿದ ತೆರಿಗೆಯ ಮೇಲೆ ಜಿಎಸ್‌ಟಿ ಕಾಯಿದೆಯ 50ನೆಯ ಕಲಮಿನ ಪ್ರಕಾರ ಶೇ. 18ರ ದರದಲ್ಲಿ ಬಡ್ಡಿ ಬೀಳುತ್ತದೆ. ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳುಗಳ ಕಾಲ ಕಾಪಾಡಬೇಕೆಂದು 36ನೆಯ ಕಲಮು ಹೇಳುತ್ತದೆ. ಅಂದರೆ ಇಂದು ಗಮನಕ್ಕೆ ಬಾರದ ದೋಷವೊಂದು ಹಲವು ವರ್ಷಗಳ ಬಳಿಕ ನೋಟಿಸಿನ ರೂಪದಲ್ಲಿ ಬಾಗಿಲು ತಟ್ಟಬಹುದು.

ಗೌರಿಬಿದನೂರಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಂತಹ ಕಡೆ ಖಾಸಗಿ ಕಂಪನಿಗಳಾಗಿ ನೋಂದಾಯಿಸಿಕೊಂಡಿರುವ ಘಟಕಗಳಿಗೆ ಇನ್ನೊಂದು ನಿಯಮವೂ ಇದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ವ್ಯವಹಾರದ ತಿದ್ದುಪಡಿಯ ಜಾಡೂ ದಿನಾಂಕ ಸಹಿತ ದಾಖಲಾಗಬೇಕು. ಆ ಸೌಲಭ್ಯವನ್ನು ಆರಿಸಲು ಬರುವಂತಿರಬಾರದು. ಲೆಕ್ಕಪರಿಶೋಧಕರು ಈ ಬಗ್ಗೆ ತಮ್ಮ ವರದಿಯಲ್ಲಿ ಹೇಳಲೇಬೇಕು. ಮುಕ್ತ ತಂತ್ರಾಂಶವನ್ನು ಸ್ವಂತ ಗಣಕಯಂತ್ರದಲ್ಲಿಯೇ ನಡೆಸುವ ಕಂಪನಿಯಲ್ಲಿ ಮೂಲ ಸಂಕೇತವನ್ನೂ ದತ್ತಾಂಶವನ್ನೂ ತಿದ್ದುವ ಕೀಲಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರವನ್ನು ಮಾರ್ಚ್ ತಿಂಗಳಲ್ಲಿ ಹುಡುಕಲು ಹೊರಟರೆ ಕಾಲ ಮೀರಿರುತ್ತದೆ. ತಂತ್ರಾಂಶವನ್ನು ಅಳವಡಿಸುವ ದಿನವೇ ಇದನ್ನು ಪರೀಕ್ಷಿಸತಕ್ಕದ್ದು.

ಬಿಡುಗಡೆಗೆ ಮುನ್ನ ಪರೀಕ್ಷೆ ಏಕೆ?

ಪ್ರತಿಯೊಂದು ಹೊಣೆಯರಿತ ತಂತ್ರಾಂಶವೂ ಹಂತಹಂತವಾಗಿ ಹೊರಬರುತ್ತದೆ. ಮೊದಲು ಆಲ್ಫಾ, ಅನಂತರ ಬೀಟಾ, ಆ ಬಳಿಕ ಬಿಡುಗಡೆಯ ಉಮೇದುವಾರ ಆವೃತ್ತಿ, ಕೊನೆಗೆ ಸ್ಥಿರ ಆವೃತ್ತಿ. ಲಿಬ್ರೆಆಫೀಸ್ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಪ್ರಮುಖ ಆವೃತ್ತಿಯನ್ನು ತರುತ್ತದೆ. ಅದಕ್ಕೆ ಮುನ್ನ ಈ ಹಂತಗಳ ಪ್ರತಿಗಳನ್ನು ಯಾರು ಬೇಕಾದರೂ ಪಡೆದು ಪರೀಕ್ಷಿಸಬಹುದು. ಕಂಡ ದೋಷಗಳನ್ನು ಬಗ್‌ಜಿಲ್ಲಾ ಎಂಬ ಸಾರ್ವಜನಿಕ ದಾಖಲೆ ಪುಸ್ತಕದಲ್ಲಿ ಬರೆಯಬಹುದು. ಹಣ ತೆತ್ತವರಿಗೂ ತೆರದವರಿಗೂ ಅಲ್ಲಿ ಒಂದೇ ಮರ್ಯಾದೆ.

ಪರೀಕ್ಷೆಯ ಮಹತ್ವವನ್ನು ಸಾರಿಗೆ ವ್ಯವಹಾರವಿರುವ ಪ್ರತಿಯೊಬ್ಬ ವರ್ತಕರೂ ಕಣ್ಣಾರೆ ಕಂಡ ಘಟನೆಯೊಂದು ತಿಳಿಸುತ್ತದೆ. ಅದು ಮುಕ್ತ ತಂತ್ರಾಂಶದ ಸಂಗತಿಯಲ್ಲವಾದರೂ ಪಾಠ ಒಂದೇ. ಎನ್‌ಐಸಿ ರೂಪಿಸಿದ ಇ-ವೇ ಬಿಲ್ ವ್ಯವಸ್ಥೆಯನ್ನು ಕರ್ನಾಟಕವು 2017ರ ಸೆಪ್ಟೆಂಬರ್‌ನಲ್ಲಿಯೇ ಬಳಕೆಗೆ ತಂದಿತು. 2018ರ ಜನವರಿ 16ರಿಂದ ದೇಶದಾದ್ಯಂತ ಪ್ರಾಯೋಗಿಕ ಬಳಕೆ ನಡೆಯಿತು. ಫೆಬ್ರವರಿ 1ರಂದು ಅಂತರರಾಜ್ಯ ಸಾಗಣೆಗೆ ಕಡ್ಡಾಯವಾದೊಡನೆ ಇಡೀ ದೇಶದ ಹೊರೆ ಒಮ್ಮೆಲೇ ಬಿದ್ದು ವ್ಯವಸ್ಥೆ ತತ್ತರಿಸಿತು. ಅಂದೇ ಪ್ರಾಯೋಗಿಕ ಅವಧಿಯನ್ನು ವಿಸ್ತರಿಸಬೇಕಾಯಿತು. ಲೋಪಗಳನ್ನು ಸರಿಪಡಿಸಿದ ಮೇಲೆ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಅದು ಜಾರಿಯಾಯಿತು. ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಅನ್ವಯಿಸಿದ ಏಕೈಕ ರಾಜ್ಯ ಕರ್ನಾಟಕ. ಮೊದಲೇ ಬಳಸಿ ಪಳಗಿದವರಿಗೆ ಹೊಸ ಭಾರ ಹೊರುವ ಧೈರ್ಯವಿತ್ತು. ಹತ್ತು ಬಿಲ್ಲಿಗೆ ಸರಿಯಾಗಿ ನಡೆಯುವ ತಂತ್ರಾಂಶ ಹತ್ತು ಸಾವಿರ ಬಿಲ್ಲಿಗೂ ಹಾಗೆಯೇ ನಡೆಯುತ್ತದೆಂದು ಭಾವಿಸಬಾರದೆಂಬ ಎಚ್ಚರಿಕೆಯೂ ಈ ಘಟನೆಯಲ್ಲಿದೆ.

ಮುಕ್ತ ತಂತ್ರಾಂಶದ ಲೋಕದಲ್ಲಿಯೇ ನಡೆದ ಎರಡು ಪ್ರಸಂಗಗಳನ್ನು ಇದರ ಜೊತೆಗಿಟ್ಟು ನೋಡಬಹುದು. ಅಂತರಜಾಲದ ವ್ಯವಹಾರವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ 2012ರ ಮಾರ್ಚ್ ಆವೃತ್ತಿಯಲ್ಲಿ ನುಸುಳಿದ ದೋಷವೊಂದು ಬೆಳಕಿಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ಹಾರ್ಟ್‌ಬ್ಲೀಡ್ ಎಂಬ ಹೆಸರಿನಿಂದ ಅದು ಕುಖ್ಯಾತವಾಯಿತು. ಎರಡು ವರ್ಷಗಳ ಕಾಲ ಮೂಲ ಸಂಕೇತ ಎಲ್ಲರೆದುರು ತೆರೆದೇ ಇತ್ತು. ಆದರೂ ದೋಷ ಗಮನಕ್ಕೆ ಬಂದಿರಲಿಲ್ಲ. ಖಾತೆ ಪುಸ್ತಕವನ್ನು ಎಲ್ಲ ಪಾಲುದಾರರ ಮುಂದೆ ತೆರೆದಿಟ್ಟು, ಯಾರೂ ಪುಟ ತಿರುವದಿದ್ದಂತೆ.

ಇನ್ನೊಂದು ಪ್ರಸಂಗ 2024ರದು. ದತ್ತಾಂಶವನ್ನು ಕುಗ್ಗಿಸಿಡುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದ ಎರಡು ಹೊಸ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಉದ್ದೇಶಪೂರ್ವಕವಾಗಿ ಇರಿಸಲಾಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಬೇರೆ ಕೆಲಸದ ಪರೀಕ್ಷೆಯಲ್ಲಿದ್ದಾಗ, ದೂರದ ಯಂತ್ರಕ್ಕೆ ಪ್ರವೇಶ ಪಡೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಅಷ್ಟಕ್ಕೇ ಬಿಡದೆ ಕಾರಣವನ್ನು ಹುಡುಕಿ, ಮೊದಲು ಭದ್ರತೆಯ ಹೊಣೆ ಹೊತ್ತವರಿಗೆ ತಿಳಿಸಿ, ಮಾರ್ಚ್ 29ರಂದು ಬಹಿರಂಗವಾಗಿ ವರದಿ ಮಾಡಿದರು. ಆ ವೇಳೆಗೆ ಆ ಆವೃತ್ತಿಗಳು ಡೆಬಿಯನ್, ಫೆಡೋರಾ ಮುಂತಾದ ಲಿನಕ್ಸ್‌ಗಳ ಪರೀಕ್ಷಾ ಹಂತವನ್ನಷ್ಟೇ ತಲುಪಿದ್ದವು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಇಳಿದಿರಲಿಲ್ಲ. ಪರೀಕ್ಷೆಯ ಅವಧಿ ಇದ್ದುದರಿಂದಲೂ, ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಒಬ್ಬರು ನಿರ್ಲಕ್ಷಿಸದೆ ಇದ್ದುದರಿಂದಲೂ ದೊಡ್ಡ ಅನಾಹುತ ತಪ್ಪಿತು. ನಗದು ಪುಸ್ತಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಕುಳಿತು ಹುಡುಕುತ್ತಿದ್ದ ಹಳೆಯ ಗುಮಾಸ್ತರಿಗೆ ಈ ಸ್ವಭಾವ ಅಪರಿಚಿತವೇನಲ್ಲ.

ಈ ಸೀಮೆಯ ಲೆಕ್ಕ ಇಲ್ಲಿಯವರಿಗೇ ಗೊತ್ತು

ತಂತ್ರಾಂಶ ರಚಿಸುವವರು ಎಲ್ಲೇ ಕುಳಿತಿರಲಿ, ಶಿಡ್ಲಘಟ್ಟದ ರೇಷ್ಮೆಯ ಲೆಕ್ಕ ಅವರಿಗೆ ತಾನಾಗಿ ತಿಳಿಯುವುದಿಲ್ಲ. ರೇಷ್ಮೆಗೂಡಿಗೂ ಹುರಿ ಮಾಡದ ಕಚ್ಚಾ ರೇಷ್ಮೆಗೂ ಜಿಎಸ್‌ಟಿ ಇಲ್ಲ. ರೇಷ್ಮೆ ನೂಲಿಗೆ ಶೇ. 5 ಉಂಟು. ಕಚ್ಚಾ ರೇಷ್ಮೆಯಿಂದಾಗಲಿ ಗೂಡಿನಿಂದಾಗಲಿ ನೂಲು ತಯಾರಿಸಿ ಮಾರುವವರಿಂದ ನೋಂದಾಯಿತ ವರ್ತಕರು ಕೊಂಡರೆ ತೆರಿಗೆಯನ್ನು ಕಟ್ಟಬೇಕಾದವರು ಕೊಂಡವರೇ. ಇದು 2017ರ ಜೂನ್ 28ರ ಅಧಿಸೂಚನೆಯಿಂದ ಬಂದ ರಿವರ್ಸ್ ಚಾರ್ಜ್ ನಿಯಮ. ‘ರೇಷ್ಮೆ’ ಎಂಬ ಒಂದೇ ತಲೆಬರಹದಡಿ ಎಲ್ಲಕ್ಕೂ ಒಂದೇ ದರ ಹಾಕುವ ತಂತ್ರಾಂಶ ಒಂದು ಬಿಲ್ಲಿನಲ್ಲಿ ಇಲ್ಲದ ತೆರಿಗೆಯನ್ನು ವಸೂಲು ಮಾಡಿ, ಇನ್ನೊಂದರಲ್ಲಿ ಇರುವ ತೆರಿಗೆಯನ್ನು ಬಿಟ್ಟುಬಿಡುತ್ತದೆ.

ತೂಕದ ಸಂಗತಿಯೂ ಹಾಗೆಯೇ. ಉದಾಹರಣೆಗೆ 12.345 ಕಿಲೋ ರೇಷ್ಮೆಯನ್ನು ಕಿಲೋಗೆ 4,850 ರೂಪಾಯಿಯಂತೆ ಮಾರಿದರೆ ಮೊತ್ತ 59,873 ರೂಪಾಯಿ 25 ಪೈಸೆ. ತಂತ್ರಾಂಶವು ದಶಮಾಂಶದ ಎರಡು ಸ್ಥಾನಗಳನ್ನಷ್ಟೇ ಉಳಿಸಿಕೊಂಡು ತೂಕವನ್ನು 12.35 ಎಂದು ಓದಿದರೆ ಮೊತ್ತ 59,897 ರೂಪಾಯಿ 50 ಪೈಸೆ ಆಗುತ್ತದೆ. ಒಂದು ಬಿಲ್ಲಿಗೆ 24 ರೂಪಾಯಿ 25 ಪೈಸೆಯ ವ್ಯತ್ಯಾಸ. ಹನಿಗೂಡಿದರೆ ಹಳ್ಳ. ವರ್ಷದ ಕೊನೆಗೆ ದಾಸ್ತಾನಿನ ತೂಕವೂ ಪುಸ್ತಕದ ತೂಕವೂ ಹೊಂದದೆ, ಗಿರಾಕಿಯ ನಂಬಿಕೆಯೂ ಕೆಡುತ್ತದೆ.

ಚಿಂತಾಮಣಿಯ ತಾಜಾ ಟೊಮೆಟೊಗೆ ತೆರಿಗೆಯಿಲ್ಲ. ಅದೇ ಟೊಮೆಟೊ ಸಾಸ್ ಆಗಿ ಬಾಟಲಿ ಸೇರಿದರೆ ತೆರಿಗೆ ಉಂಟು. ಆ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಅಂದು ಬಹುತೇಕ ಸರಕುಗಳಲ್ಲಿ ಶೇ. 12 ಮತ್ತು ಶೇ. 28ರ ದರಗಳು ಹೋಗಿ ಶೇ. 5 ಮತ್ತು ಶೇ. 18ರ ದರಗಳು ಉಳಿದವು. ಒಂದೇ ರಾತ್ರಿಯಲ್ಲಿ ದರಪಟ್ಟಿಯನ್ನು ಬದಲಿಸಿದ್ದು ಸುಲಭದ ಭಾಗ. ಸೆಪ್ಟೆಂಬರ್ 10ರಂದು ಮಾರಿದ ಸರಕು ಅಕ್ಟೋಬರ್ 5ರಂದು ಹಿಂದಿರುಗಿದರೆ ಅದರ ಕ್ರೆಡಿಟ್ ನೋಟಿನಲ್ಲಿ ಮೂಲ ಬಿಲ್ಲಿನ ಶೇ. 12ರ ದರವೇ ಇರಬೇಕು. ದರಪಟ್ಟಿಯಲ್ಲಿ ಹಳೆಯ ದರವನ್ನು ಅಳಿಸಿ ಹೊಸದನ್ನು ಬರೆದಿದ್ದ ತಂತ್ರಾಂಶ ಇಲ್ಲಿ ಎಡವುತ್ತದೆ.

ಗೌರಿಬಿದನೂರಿನ ಉದ್ದಿಮೆದಾರರಿಗೆ ಹಿಂದೂಪುರ ನೆರೆಯ ಊರು. ಜಿಎಸ್‌ಟಿಗೆ ಅದು ಬೇರೆ ರಾಜ್ಯ. ಅಲ್ಲಿಗೆ ಸರಕು ಕಳುಹಿಸಿದರೆ ಐಜಿಎಸ್‌ಟಿ, ಚಿಕ್ಕಬಳ್ಳಾಪುರಕ್ಕೆ ಕಳುಹಿಸಿದರೆ ಕೇಂದ್ರದ ಪಾಲು, ರಾಜ್ಯದ ಪಾಲು ಎಂದು ಎರಡು. ಗಿರಾಕಿಯ ವಿಳಾಸವನ್ನು ತಿದ್ದಿದಾಗ ತೆರಿಗೆಯ ಬಗೆಯೂ ಬದಲಾಗುತ್ತದೆಯೇ ಎಂಬುದನ್ನು ನೋಡಲೇಬೇಕು.

ಕನ್ನಡದಲ್ಲಿ ಬಿಲ್ಲು ಮುದ್ರಿಸುವವರಿಗೆ ಮತ್ತೊಂದು ತೊಡಕು. ಕಬ್ಬಿಣದ ‘ರ‍್ಯಾಕ್’ ಎಂದು ಬರೆದದ್ದು ತೆರೆಯ ಮೇಲೆ ಸರಿಯಾಗಿದ್ದು, ಮುದ್ರಣದಲ್ಲಿ ಅರ್ಕಾವತ್ತು ಬಂದು ‘ರ್ಯಾಕ್’ ಎಂದಾಗಬಹುದು. ಅಕ್ಷರಗಳು ಒಡೆದು ಒತ್ತು ಬೇರೆ, ಅಕ್ಷರ ಬೇರೆ ನಿಲ್ಲುವುದೂ ಉಂಟು. ಕನ್ನಡ ಓದಲು ಬಾರದ ತಂತ್ರಜ್ಞರಿಗೆ ಇದು ದೋಷವೆಂದು ಹೊಳೆಯುವುದೇ ಇಲ್ಲ. ಕನ್ನಡ ಬಲ್ಲ ಬಳಕೆದಾರರು ಹೇಳದಿದ್ದರೆ ಈ ದೋಷಕ್ಕೆ ದಾಖಲೆಯೇ ಇರುವುದಿಲ್ಲ.

ದೂರು ಬೇರೆ, ವರದಿ ಬೇರೆ

‘ತಂತ್ರಾಂಶ ಸರಿಯಿಲ್ಲ, ಲೆಕ್ಕ ತಪ್ಪು ಬರುತ್ತಿದೆ’ ಎಂಬುದು ದೂರು. ಅದನ್ನು ಓದಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ವರದಿಯಲ್ಲಿ ಐದು ಸಂಗತಿಗಳು ಇರತಕ್ಕದ್ದು: ತಂತ್ರಾಂಶದ ಹೆಸರು ಮತ್ತು ಆವೃತ್ತಿಯ ಸಂಖ್ಯೆ, ಕಾರ್ಯಾಚರಣೆ ವ್ಯವಸ್ಥೆ ಯಾವುದೆಂಬ ವಿವರ, ಯಾವ ಕ್ರಮದಲ್ಲಿ ಏನೇನು ಮಾಡಲಾಯಿತು, ಏನು ಬರಬೇಕಾಗಿತ್ತು, ಏನು ಬಂತು.

ಮೇಲಿನ ತೂಕದ ಉದಾಹರಣೆಯನ್ನೇ ತೆಗೆದುಕೊಂಡರೆ, ಒಳ್ಳೆಯ ವರದಿ ಹೀಗಿರುತ್ತದೆ: ‘ಇಂಥ ಆವೃತ್ತಿಯಲ್ಲಿ ಹೊಸ ಮಾರಾಟದ ಬಿಲ್ಲು ತೆರೆದು, ತೂಕದ ಕಡೆ 12.345, ದರದ ಕಡೆ 4,850 ಎಂದು ಬರೆದು ಉಳಿಸಲಾಯಿತು. ಮೊತ್ತ 59,873.25 ಬರಬೇಕಾಗಿತ್ತು. 59,897.50 ಬಂದಿದೆ. ದಶಮಾಂಶದ ಸ್ಥಾನಗಳನ್ನು ಸೆಟ್ಟಿಂಗಿನಲ್ಲಿ ಮೂರಕ್ಕೆ ಬದಲಿಸಿದ ಮೇಲೂ ಇದೇ ಉತ್ತರ ಬರುತ್ತಿದೆ. ಹಿಂದಿನ ಆವೃತ್ತಿಯಲ್ಲಿ ಸರಿಯಾಗಿತ್ತು.’ ಇಷ್ಟನ್ನು ಓದಿದ ತಂತ್ರಜ್ಞರು ತಮ್ಮ ಯಂತ್ರದಲ್ಲಿಯೇ ಅದನ್ನು ಮತ್ತೆ ಮಾಡಿ ನೋಡಬಲ್ಲರು. ಮತ್ತೆ ಮಾಡಿ ನೋಡಲು ಬರುವ ದೋಷವನ್ನು ಹಿಡಿಯುವುದು ಸುಲಭ. ಸೆಟ್ಟಿಂಗಿನ ಮಾತನ್ನು ಸೇರಿಸಿದ್ದು ಮುಖ್ಯ. ದೋಷವೆಂದು ತೋರುವುದು ಎಷ್ಟೋ ವೇಳೆ ಅಂಗಡಿಯವರೇ ಮಾಡಿಕೊಂಡ ತಪ್ಪು ಹೊಂದಾಣಿಕೆಯಾಗಿರುತ್ತದೆ.

ಇನ್ನು ಮೂರು ಎಚ್ಚರಿಕೆಗಳು. ಒಂದು ವರದಿಯಲ್ಲಿ ಒಂದೇ ದೋಷವಿರಲಿ, ಅದನ್ನು ಬೇರೆಯವರು ಆಗಲೇ ವರದಿ ಮಾಡಿದ್ದಾರೆಯೇ ಎಂದು ಮೊದಲು ಹುಡುಕಬೇಕು. ಈ ದಾಖಲೆಗಳು ಸಾರ್ವಜನಿಕವಾದ್ದರಿಂದ ಗಿರಾಕಿಗಳ ಹೆಸರು, ಜಿಎಸ್‌ಟಿ ಸಂಖ್ಯೆ, ಪ್ಯಾನ್, ಬ್ಯಾಂಕ್ ಖಾತೆ ಮುಂತಾದವನ್ನು ಮರೆಮಾಚಿ, ಕಲ್ಪಿತ ಅಂಕಿಗಳಿಂದ ಉದಾಹರಣೆ ಕೊಡಬೇಕು. ಭದ್ರತೆಗೆ ಸಂಬಂಧಿಸಿದ ದೋಷವಾದರೆ ಬಹಿರಂಗಪಡಿಸದೆ, ಯೋಜನೆಯವರು ಅದಕ್ಕೆಂದೇ ಕೊಟ್ಟಿರುವ ಖಾಸಗಿ ವಿಳಾಸಕ್ಕೆ ಬರೆಯಬೇಕು. ಬಾಗಿಲಿನ ಚಿಲಕ ಸಡಿಲವಾಗಿದೆಯೆಂದು ಸಂತೆಯಲ್ಲಿ ಸಾರುವುದು ವಿವೇಕವಲ್ಲ.

ಕೇಳಿಬರುವ ಆಕ್ಷೇಪಗಳು

‘ಬಿಡುವಿಲ್ಲದ ವ್ಯಾಪಾರಿಗೆ ಈ ಉಸಾಬರಿ ಏಕೆ?’ ಎಂಬ ಪ್ರಶ್ನೆ ಸಹಜ. ಕೈಯಿಂದ ತಿದ್ದುವ ತಪ್ಪನ್ನು ಪ್ರತಿ ತಿಂಗಳೂ ತಿದ್ದಬೇಕು. ಒಮ್ಮೆ ವರದಿಯಾಗಿ ಸರಿಹೋದ ದೋಷಕ್ಕೆ ಮತ್ತೆ ಸಮಯ ವ್ಯಯಿಸಬೇಕಾಗಿಲ್ಲ ಎಂಬುದೇ ಇದಕ್ಕೆ ಉತ್ತರ.

‘ವರದಿ ಮಾಡಿದರೂ ತಿಂಗಳುಗಟ್ಟಲೆ ಉತ್ತರ ಬರುವುದಿಲ್ಲ’ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯವಿದೆ. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರೂ ಇರುವ ಯೋಜನೆಗಳಲ್ಲಿ ಎಲ್ಲ ವರದಿಗಳಿಗೂ ಒಡನೆಯೇ ಪರಿಹಾರ ದೊರೆಯದು. ಆದರೆ ಮೂಲ ಸಂಕೇತ ತೆರೆದಿರುವುದರಿಂದ ಬೇರೆ ದಾರಿಯೊಂದಿದೆ. ಹತ್ತು ಮಂದಿ ರೀಲರುಗಳು ಸೇರಿ ಒಬ್ಬ ತಂತ್ರಜ್ಞರಿಗೆ ಸಂಭಾವನೆ ಕೊಟ್ಟು ದೋಷವನ್ನು ಸರಿಪಡಿಸಿಸಬಹುದು. ಆ ತಿದ್ದುಪಡಿಯನ್ನು ಮೂಲ ಯೋಜನೆಗೆ ಒಪ್ಪಿಸಿ, ಅವರು ಸ್ವೀಕರಿಸಿದರೆ ಮುಂದಿನ ಆವೃತ್ತಿಗಳಲ್ಲಿ ಅದು ತಾನಾಗಿಯೇ ಬರುತ್ತದೆ. ಮೂಲ ಸಂಕೇತವನ್ನು ಗುಟ್ಟಾಗಿಡುವ ತಂತ್ರಾಂಶದಲ್ಲಿ ಈ ಅವಕಾಶ ಬಳಕೆದಾರರಿಗೆ ಇಲ್ಲ.

‘ಹಾಗಾದರೆ ಎಲ್ಲರೂ ಮುಕ್ತ ತಂತ್ರಾಂಶಕ್ಕೇ ಬದಲಾಗಬೇಕೇ?’ ಎಂದರೆ, ಖಂಡಿತ ಅಗತ್ಯವಿಲ್ಲ. ಅಂಗಡಿಯಲ್ಲಿ ಗಣಕಯಂತ್ರದ ಯೋಗಕ್ಷೇಮ ನೋಡುವವರು ಒಬ್ಬರೂ ಇಲ್ಲದಿದ್ದರೆ, ಹಣ ಕೊಟ್ಟು, ಸೇವೆಯ ಕರಾರು ಮಾಡಿಕೊಂಡು, ಹೊಣೆ ಹೊರುವವರಿಂದ ತಂತ್ರಾಂಶ ಕೊಳ್ಳುವುದೇ ಲೇಸು. ಉಚಿತವೆಂಬ ಒಂದೇ ಕಾರಣಕ್ಕೆ ತಂದು, ಪರೀಕ್ಷಿಸದೆ, ವರದಿ ಮಾಡದೆ ಬಳಸುವುದಕ್ಕಿಂತ ಅದು ಸುರಕ್ಷಿತ. ಕೊಂಡ ತಂತ್ರಾಂಶಕ್ಕೂ ಅಳವಡಿಸುವ ಮುನ್ನಿನ ಪರೀಕ್ಷೆ ಅಷ್ಟೇ ಅಗತ್ಯವೆಂಬುದನ್ನು ಮಾತ್ರ ಮರೆಯಬಾರದು.

ವರ್ತಕರ ಸಂಘಗಳು ಮಾಡಬಹುದಾದ ಕೆಲಸ

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಕಾರಣರಾದರು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಮೂಲ ಅದು. ಒಬ್ಬ ವರ್ತಕರ ಮಾತು ಕೇಳದಿದ್ದೆಡೆ ನೂರು ವರ್ತಕರ ಮಾತು ಕೇಳುತ್ತದೆ ಎಂಬ ತತ್ತ್ವ ಇಂತಹ ಸಂಸ್ಥೆಗಳ ಬುನಾದಿ. ತಂತ್ರಾಂಶದ ವಿಷಯಕ್ಕೂ ಅದು ಅನ್ವಯಿಸುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳ ವರ್ತಕ ಸಂಘಗಳು ಸೇರಿ ಒಂದು ಪರೀಕ್ಷಾ ಪಟ್ಟಿಯನ್ನು ಸಿದ್ಧಪಡಿಸುವುದು ಮೊದಲ ಹೆಜ್ಜೆಯಾಗಬೇಕು. ಅದರಲ್ಲಿ ಹತ್ತು ವ್ಯವಹಾರಗಳಿದ್ದರೆ ಸಾಕು:

1. ತೆರಿಗೆಯಿಲ್ಲದ ಕಚ್ಚಾ ರೇಷ್ಮೆಯ ಒಂದು ಬಿಲ್ಲು.
2. ರಿವರ್ಸ್ ಚಾರ್ಜ್ ಅನ್ವಯವಾಗುವ ರೇಷ್ಮೆ ನೂಲಿನ ಒಂದು ಖರೀದಿ.
3. ಗ್ರಾಮಿನವರೆಗೆ ತೂಕವಿರುವ ಒಂದು ಮಾರಾಟ.
4. ದರ ಬದಲಾವಣೆಗೆ ಮುನ್ನ ಮಾರಿ, ಅನಂತರ ಹಿಂದಿರುಗಿದ ಸರಕಿನ ಒಂದು ಕ್ರೆಡಿಟ್ ನೋಟು.
5. ಹಿಂದೂಪುರಕ್ಕೆ ಒಂದು, ಚಿಂತಾಮಣಿಗೆ ಒಂದು ಮಾರಾಟ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ಲಿನ ವಿವರ.
6. ಮಾರ್ಚ್ 31 ಮತ್ತು ಏಪ್ರಿಲ್ 1ರ ಎರಡು ಬಿಲ್ಲುಗಳು. ಬಿಲ್ಲಿನ ಸಂಖ್ಯೆ ನಿಯಮದಂತೆ 16 ಅಕ್ಷರಗಳನ್ನು ಮೀರಬಾರದು.
7. ಉಳಿಸಿದ ಬಿಲ್ಲನ್ನು ತಿದ್ದಿದಾಗ ತಿದ್ದುಪಡಿಯ ಜಾಡು ಉಳಿಯುತ್ತದೆಯೇ ಎಂಬ ಪರೀಕ್ಷೆ.
8. ಕನ್ನಡ ಹೆಸರುಗಳಿರುವ ಒಂದು ಬಿಲ್ಲಿನ ಮುದ್ರಣ.
9. ಒಂದು ಇಡೀ ಹಂಗಾಮಿನ ವ್ಯವಹಾರವನ್ನು ತುಂಬಿದಾಗ ತಂತ್ರಾಂಶದ ವೇಗ.
10. ಬ್ಯಾಕಪ್ ಪ್ರತಿಯಿಂದ ಲೆಕ್ಕವನ್ನು ಬೇರೊಂದು ಯಂತ್ರದಲ್ಲಿ ಮರಳಿ ಪಡೆಯುವುದು.

ಪ್ರತಿಯೊಂದಕ್ಕೂ ಸರಿಯಾದ ಉತ್ತರವನ್ನು ಮೊದಲೇ ಕೈಯಿಂದ ಲೆಕ್ಕ ಹಾಕಿ ಬರೆದಿಡಬೇಕು. ಹೊಸ ಆವೃತ್ತಿ ಬಂದಾಗ ವ್ಯಾಪಾರದ ಯಂತ್ರವನ್ನು ಮುಟ್ಟದೆ, ದತ್ತಾಂಶದ ನಕಲಿನ ಮೇಲೆ, ಬೇರೊಂದು ಯಂತ್ರದಲ್ಲಿ ಈ ಹತ್ತನ್ನೂ ನಡೆಸಿ ನೋಡಬೇಕು. ಹತ್ತೂ ಸರಿಯಾದರೆ ಅಳವಡಿಸಬಹುದು. ಒಂದು ತಪ್ಪಿದರೂ ಹಳೆಯ ಆವೃತ್ತಿಯಲ್ಲಿಯೇ ಮುಂದುವರಿದು ವರದಿ ಕಳುಹಿಸಬೇಕು. ಈ ಕೆಲಸಕ್ಕೆ ಬೇಕಾದದ್ದು ಒಂದು ಹಳೆಯ ಗಣಕಯಂತ್ರ, ಒಂದು ಮೇಜು, ಆಸಕ್ತಿಯುಳ್ಳ ಒಬ್ಬಿಬ್ಬರು. ಸ್ಥಳೀಯ ಕಾಲೇಜುಗಳ ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಪಠ್ಯದಲ್ಲಿ ಸಿಗದ ಶಿಕ್ಷಣವೂ ಆಗುತ್ತದೆ. ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಯುವ ವರ್ತಕರು ಕನ್ನಡದಲ್ಲಿ ಹೇಳಿದರೆ, ವಿದ್ಯಾರ್ಥಿಗಳು ಅದನ್ನು ಕ್ರಮಪಡಿಸಿ ಕಳುಹಿಸಬಹುದು. ಯಾವ ವರದಿಗೆ ಏನು ಉತ್ತರ ಬಂತು ಎಂಬುದನ್ನು ಸಂಘದ ಸೂಚನಾ ಫಲಕದಲ್ಲಿ ಹಾಕಿದರೆ, ಒಬ್ಬರು ಎಡವಿದ ಕಲ್ಲಿಗೆ ಇನ್ನೊಬ್ಬರು ಎಡವುವುದು ತಪ್ಪುತ್ತದೆ.

ಮುಂದಿನ ಆರ್ಥಿಕ ವರ್ಷ ಆರಂಭವಾಗುವ ಏಪ್ರಿಲ್ 1ಕ್ಕೆ ಮುನ್ನ ಈ ಪಟ್ಟಿ ಸಿದ್ಧವಾಗಿದ್ದರೆ ಅದರ ಪ್ರಯೋಜನ ಮೊದಲ ಬಿಲ್ಲಿನಿಂದಲೇ ದೊರೆಯುತ್ತದೆ. ಫೆಬ್ರವರಿಯಲ್ಲಿ ಪಟ್ಟಿ, ಮಾರ್ಚ್ ಮೊದಲ ವಾರದಲ್ಲಿ ಪರೀಕ್ಷೆ, ಎರಡನೆಯ ವಾರದಲ್ಲಿ ವರದಿ ಎಂಬ ಕ್ರಮವನ್ನು ಇಟ್ಟುಕೊಳ್ಳಬಹುದು. ಗೂಡನ್ನು ಕಿವಿಯ ಬಳಿ ಅಲುಗಿಸಿ ನೋಡಲು ರೀಲರಿಗೆ ಯಾರೂ ಆಜ್ಞೆ ಮಾಡಿಲ್ಲ. ನಷ್ಟ ತಮ್ಮದೇ ಆಗುತ್ತದೆಂಬ ಅರಿವೇ ಆ ಅಭ್ಯಾಸವನ್ನು ಕಲಿಸಿದೆ. ಲೆಕ್ಕದ ತಂತ್ರಾಂಶದಲ್ಲಿಯೂ ನಷ್ಟ ತಮ್ಮದೇ ಎಂಬುದನ್ನು ಈ ನಾಲ್ಕು ಊರುಗಳ ವರ್ತಕರು ನೋಟಿಸು ಬರುವ ಮುನ್ನವೇ ಮನಗಾಣುವುದು ಒಳಿತು.